ಅಕ್ಕಿ ಆರಿಸುವ ಕೈ

ಕಿಟಕಿಯ ಪಕ್ಕದ ಕಂಬಿಗೆ ಫಿಲ್ಮಿನ ತುಂಡುಗಳನ್ನು ಸಾಲಾಗಿ ತೂಗುಹಾಕುತ್ತಿದ್ದೆ. ಗಾಳಿ ಬಂದಾಗ ಅವು ಒಂದಕ್ಕೊಂದು ತಾಗಿ ಒಣಗಿದ ಎಲೆಗಳಂತೆ ಸದ್ದು ಮಾಡುತ್ತಿದ್ದವು. ಒಂದರಲ್ಲಿ ಯಾರದೋ ಅಳು, ಇನ್ನೊಂದರಲ್ಲಿ ಯಾರೋ ಬಾಗಿಲು ತೆರೆದು ಒಳಗೆ ಬರುವುದು. ಬೇಕಾದದ್ದು ಚಿತ್ರಕ್ಕೆ ಸೇರುತ್ತಿತ್ತು, ಬೇಡವಾದದ್ದು ಕೆಳಗಿನ ಬಟ್ಟೆಯ ಚೀಲಕ್ಕೆ ಬೀಳುತ್ತಿತ್ತು. ಸಿನಿಮಾ ಸಂಕಲನಕಾರನಾಗಿ ಮೂವತ್ತೈದು ವರ್ಷ ನಾನು ಮಾಡಿದ ಕೆಲಸ ಇಷ್ಟೇ. ಈಗ ಕಣ್ಣು ಮಂಜಾಗಿದೆ. ಆ ಯಂತ್ರಗಳೂ ಹೋದವು. ಕತ್ತರಿಸಿ ಎಸೆದ ದೃಶ್ಯಗಳಲ್ಲಿ ಒಂದೂ ನೆನಪಿಲ್ಲ. ಎಸೆಯದೆ ಉಳಿಸಿಕೊಂಡ ಒಂದು ದೃಶ್ಯ ಮಾತ್ರ ನನ್ನನ್ನು ಬಿಟ್ಟಿಲ್ಲ.

ಅದು ಅಡಿವೆಯ್ಯನವರು ನಟಿಸಿದ ದೃಶ್ಯ. ಅವರು ನಾಟಕ ಕಂಪನಿಯಲ್ಲಿ ಪಳಗಿ ಸಿನಿಮಾಕ್ಕೆ ಬಂದವರು. ಐವತ್ತೈದರ ಆಸುಪಾಸಿನ ವಯಸ್ಸು, ಸಣಕಲು ಮೈ, ದೊಡ್ಡ ಕಿವಿ. ಅಂಚೆಯವನು, ದೇವಸ್ಥಾನದ ಪಾರುಪತ್ತೇಗಾರ, ನಾಯಕಿಯ ಸೋದರಮಾವ, ಹೀಗೆ ಎರಡು ಮೂರು ದೃಶ್ಯಗಳಲ್ಲಿ ಬಂದು ಹೋಗುವ ಪಾತ್ರಗಳು. ಪ್ರೇಕ್ಷಕರಿಗೆ ಅವರ ಹೆಸರು ಗೊತ್ತಿರಲಿಲ್ಲ. ಆದರೆ ಅವರು ತೆರೆಯ ಮೇಲೆ ಬಂದ ಕೂಡಲೇ ಕಡಲೆಕಾಯಿ ಸುಲಿಯುವ ಸದ್ದು ನಿಲ್ಲುವುದನ್ನು ನಾನು ಎಷ್ಟೋ ಸಲ ಗಮನಿಸಿದ್ದೆ.

ಆ ಚಿತ್ರದ ನಾಯಕ ಮೋಹನಚಂದ್ರ. ಆಗ ಅವನ ಹೆಸರೇ ಸಾಕಾಗಿತ್ತು, ಟಿಕೆಟ್ಟಿಗೆ ಜನ ಬೆಳಗಿನಿಂದ ಸಾಲು ನಿಲ್ಲುತ್ತಿದ್ದರು. ಕತೆಯಲ್ಲಿ ಅವನು ಮಾಡದ ತಪ್ಪಿಗೆ ಜೈಲು ಸೇರಿ, ಏಳು ವರ್ಷದ ಮೇಲೆ ಮನೆಗೆ ಮರಳುತ್ತಾನೆ. ತಂದೆಯಾಗಿ ಅಡಿವೆಯ್ಯನವರು ಜಗಲಿಯ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿರುತ್ತಾರೆ. ಮಗನದು ಎರಡು ಪುಟದ ಮಾತು. ಜೈಲಿನ ಗೋಡೆ, ಸತ್ತ ತಾಯಿ, ಸಮಾಜದ ಅನ್ಯಾಯ. ತಂದೆಗೆ ಒಂದೂ ಮಾತಿಲ್ಲ. ಅವರು ತಲೆ ಎತ್ತುವುದಿಲ್ಲ. ಅಕ್ಕಿ ಆರಿಸುತ್ತಲೇ ಇರುತ್ತಾರೆ. ಮಗ "ಅಮ್ಮ ಕೊನೆಗೆ ನನ್ನ ಹೆಸರು ಕರೆದಳಾ?" ಎಂದು ಕೇಳಿದಾಗ ಆ ಕೈ ಒಂದು ಗಳಿಗೆ ನಿಲ್ಲುತ್ತದೆ. ಮತ್ತೆ ಚಲಿಸುತ್ತದೆ. ಆದರೆ ಈಗ ಬೆರಳು ಅಕ್ಕಿಕಾಳನ್ನು ಹೆಕ್ಕಿ ಅಂಗಳಕ್ಕೆ ಎಸೆಯುತ್ತದೆ, ಆರಿಸಿದ ಕಲ್ಲನ್ನು ಮತ್ತೆ ಮೊರದೊಳಗೆ ಹಾಕುತ್ತದೆ. ಹಾಗೆ ಮಾಡಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆ ತುಂಡನ್ನು ನೋಡಿದ ದಿನ ನಾನು ಯಂತ್ರ ನಿಲ್ಲಿಸಿ, ಹಿಂದಕ್ಕೆ ಸುತ್ತಿ ಮತ್ತೆ ನೋಡಿದೆ. ಆಮೇಲೆ ಮೂರು ದಿನ ಕೂತು ದೃಶ್ಯವನ್ನು ನನಗೆ ಬೇಕಾದಂತೆ ಜೋಡಿಸಿದೆ. ನಾಯಕನ ಮುಖ ಇರಬೇಕಾದ ಕಡೆಗಳಲ್ಲಿ ಆ ಕೈಯನ್ನು ತಂದಿಟ್ಟೆ. ಮೋಹನಚಂದ್ರನ ಎರಡು ಪುಟದ ಮಾತು ಈಗ ಆ ಕೈಯ ಹಿಂದೆ ಕೇಳಿಸುವ ದನಿ ಮಾತ್ರವಾಗಿತ್ತು. ನಿರ್ದೇಶಕ ವಾಮನರಾಯರು ಬಂದು ನೋಡಿದರು. ಚೆನ್ನಾಗಿದೆ, ಆದರೆ ಯೋಚನೆ ಮಾಡಿ, ನಿಮ್ಮ ಮೇಲೆ ಬಿಟ್ಟಿದ್ದೇನೆ ಎಂದು ಹೇಳಿ ಹೊರಟುಹೋದರು. ಹಾಗೆ ಹೇಳುವವರು ಮುಂದೆ ಏನಾದರೂ ಆದರೆ ಹೊಣೆ ತಮ್ಮ ಮೇಲೆ ಬರದಿರಲಿ ಎಂದು ಹೇಳುತ್ತಾರೆ ಎನ್ನುವುದು ಆಗ ನನಗೆ ತಿಳಿದಿರಲಿಲ್ಲ.

ಎರಡು ದಿನ ಕಳೆದು, ಊಟದ ಹೊತ್ತಿನಲ್ಲಿ, ಅಡಿವೆಯ್ಯನವರು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಚಿಕ್ಕ ಪಾತ್ರದವರು ಸಂಕಲನದ ಕೋಣೆಗೆ ಬರುವುದು ಒಂದೇ ಕಾರಣಕ್ಕೆ, ತಮ್ಮ ದೃಶ್ಯ ಉಳಿದಿದೆಯೋ ಇಲ್ಲವೋ ಎಂದು ಕೇಳಲು. ಅವರಿಗೂ ಅದೇ ಆತಂಕವಿರಬೇಕೆಂದು ನಗುತ್ತ ಒಳಗೆ ಕರೆದು, ಕುರ್ಚಿ ಕೊಟ್ಟು, ಪುಟ್ಟ ಪರದೆಯಲ್ಲಿ ಆ ದೃಶ್ಯ ತೋರಿಸಿದೆ. ಅವರು ಎರಡು ಸಲ ನೋಡಿದರು. ಕಂಬಿಯಲ್ಲಿ ತೂಗುತ್ತಿದ್ದ ತುಂಡುಗಳತ್ತ ತಿರುಗಿ, ಅವುಗಳಲ್ಲಿ ತಮ್ಮದು ಯಾವುದೆಂದು ಹುಡುಕುವವರಂತೆ ಕಣ್ಣಾಡಿಸಿದರು.

"ಇದನ್ನ ತಗದುಬಿಡ್ರಿ ಸರ" ಎಂದರು.

ನನಗೆ ಅರ್ಥವಾಗಲಿಲ್ಲ. ಏನಾದರೂ ತಪ್ಪಾಗಿದೆಯೇ ಎಂದು ಕೇಳಿದೆ.

"ತಪ್ಪಿಲ್ರಿ. ಛಲೋ ಐತಿ, ಅದ ತಪ್ಪು. ಆ ಹೊತ್ತಿಗೆ ನಾ ಮೈಮರ್ತೆ. ಮರೀಬಾರದಿತ್ತು."

ಆಮೇಲೆ ಅವರು ಹೇಳಿದ್ದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಹನ್ನೆರಡು ವರ್ಷದ ಹಿಂದೆ ಒಂದು ಚಿತ್ರದಲ್ಲಿ ದೋಣಿಯವನ ಪಾತ್ರ ಮಾಡಿದ್ದರಂತೆ. ಐದು ನಿಮಿಷದ್ದು. ಜನ ನಾಯಕನನ್ನು ಬಿಟ್ಟು ದೋಣಿಯವನಿಗೆ ಚಪ್ಪಾಳೆ ಹೊಡೆದರು. ಅದಾದ ಮೇಲೆ ಮೂರು ವರ್ಷ ಅವರಿಗೆ ಕರೆ ಬರಲಿಲ್ಲ. ಯಾರೂ ಬಯ್ಯಲಿಲ್ಲ, ಎದುರಿಗೆ ಸಿಕ್ಕವರೆಲ್ಲ ಹೊಗಳಿದರು, ಕರೆಯಲಿಲ್ಲ ಅಷ್ಟೆ. ಆಗಿನಿಂದ ಅವರು ಒಂದು ಅಭ್ಯಾಸ ಮಾಡಿಕೊಂಡಿದ್ದರು. ನಾಯಕ ಎದುರಿಗಿದ್ದರೆ ತಮ್ಮ ನಟನೆಯನ್ನು ಒಂದು ಹಿಡಿ ಕಡಿಮೆ ಮಾಡುವುದು. ಮಾತನ್ನು ತುಸು ತಡವಾಗಿ ಹೇಳುವುದು, ಕಣ್ಣನ್ನು ಬೇಕಿಲ್ಲದ ಕಡೆ ತಿರುಗಿಸುವುದು. ನಾನು ಎಷ್ಟೋ ಚಿತ್ರಗಳಲ್ಲಿ ಅವರ ಆ ಸಣ್ಣ ಎಡವಟ್ಟುಗಳನ್ನು ಮರೆಮಾಚಲು ಒದ್ದಾಡಿದ್ದೆ. ಅವನ್ನು ಅವರು ಬೇಕೆಂದೇ ಮಾಡಿದ್ದರೆಂದು ಅಂದು ತಿಳಿಯಿತು.

ಈಗ ಮೋಹನಚಂದ್ರನ ಮುಂದಿನ ಚಿತ್ರದಲ್ಲಿ ಅವರಿಗೆ ಶಾಲೆಯ ಮೇಷ್ಟ್ರ ಪಾತ್ರ ನಿಗದಿಯಾಗಿತ್ತು. ಮೊದಲಿನಿಂದ ಕೊನೆಯವರೆಗೂ ಇರುವ ಪಾತ್ರ.

"ಪೂರಾ ಕತಿ ಕುಂದ್ರಿಸಿ ಹೇಳ್ಯಾರ್ರಿ. ಇಷ್ಟು ವರ್ಷದಾಗ ನನಗ ಯಾರೂ ಪೂರಾ ಕತಿ ಹೇಳಿದ್ದಿಲ್ಲ. ನನ್ನ ಪುಟ ಅಷ್ಟ ಹರದು ಕೈಗೆ ಕೊಡ್ತಿದ್ರು. ಆ ಒಂದು ಪಾತ್ರ ಮಾಡಿ ಸಾಯ್ತೀನಿ. ಇದನ್ನ ತಗೀರಿ."

ನಾನು ಆಗಲಿ ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು ಹೋದರು.

ತೆಗೆಯಲು ಕುಳಿತದ್ದು ನಿಜ. ಆ ಕೈಯ ಜಾಗಕ್ಕೆ ಸೇರಿಸಲು ನಾಯಕನ ಮುಖವಿದ್ದ ತುಂಡುಗಳನ್ನು ಕಂಬಿಯಿಂದ ಇಳಿಸಿ ಮೇಜಿನ ಮೇಲಿಟ್ಟುಕೊಂಡೆ. ಒಂದು ಗಂಟೆ ಕಳೆಯಿತು. ಮತ್ತೆ ಅವನ್ನು ಕಂಬಿಗೇ ತೂಗುಹಾಕಿದೆ. ಇಂಥ ನಟನೆಯನ್ನು ಚೀಲಕ್ಕೆ ಎಸೆಯುವುದು ಪಾಪ, ಅಡಿವೆಯ್ಯನವರು ಹೆದರಿಕೆಯಲ್ಲಿ ಹೇಳಿದ್ದಾರೆ, ಜನ ನೋಡಿ ಕೊಂಡಾಡಿದ ಮೇಲೆ ನನಗೆ ಕೃತಜ್ಞರಾಗಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ದೃಶ್ಯ ಹಾಗೆಯೇ ಚಿತ್ರದಲ್ಲಿ ಉಳಿಯಿತು.

ಬಿಡುಗಡೆಗೆ ಮುಂಚಿನ ಪ್ರದರ್ಶನದಲ್ಲಿ ನಾನು ಮೋಹನಚಂದ್ರನ ಹಿಂದಿನ ಸಾಲಿನಲ್ಲಿದ್ದೆ. ಕಲ್ಲು ಮೊರಕ್ಕೆ ಬಿದ್ದಾಗ ಅವನ ಪಕ್ಕದಲ್ಲಿದ್ದ ಅವನ ಹೆಂಡತಿಯೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಅವಳತ್ತ ಒಮ್ಮೆ ತಿರುಗಿ ನೋಡಿದ. ಕೆಟ್ಟವನಲ್ಲ ಅವನು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಏನೋ ಕಳೆದುಕೊಂಡವನ ಗಾಬರಿಯಿತ್ತು. ಚಿತ್ರ ಮುಗಿದ ಮೇಲೆ ಎಲ್ಲರಿಗೂ ಕೈಮುಗಿದು ಕಾರು ಹತ್ತಿದ.

ಪತ್ರಿಕೆಗಳು ಅಕ್ಕಿ ಆರಿಸುವ ತಂದೆಯ ಬಗ್ಗೆ ಬರೆದವು. ಅದರ ಕೆಳಗೆ ನನ್ನ ಸಂಕಲನದ ಬಗ್ಗೆಯೂ ಬರೆದವು. ಆ ವರ್ಷ ನನಗೆ ಒಂದು ಪ್ರಶಸ್ತಿ ಬಂತು, ಕೈತುಂಬ ಕೆಲಸ ಬಂತು. ಮೋಹನಚಂದ್ರನ ಮುಂದಿನ ಚಿತ್ರವೂ ನನಗೇ ಬಂತು. ಮೊದಲ ದಿನದ ಸುರುಳಿ ಯಂತ್ರಕ್ಕೆ ಏರಿಸಿದಾಗ ಮೇಷ್ಟ್ರ ಪಾತ್ರದಲ್ಲಿ ಬೇರೆ ಯಾರೋ ಇದ್ದರು. ಯಾಕೆಂದು ನಾನು ಯಾರನ್ನೂ ಕೇಳಲಿಲ್ಲ. ಕೆಲಸ ಮುಗಿಸಿಕೊಟ್ಟೆ.

ಅವರನ್ನು ನೋಡಲು ಹೋಗುವುದಕ್ಕೆ ನನಗೆ ಒಂಬತ್ತು ವರ್ಷ ಬೇಕಾಯಿತು. ಅವರು ತಮ್ಮ ಊರಿನಲ್ಲಿ, ತಮ್ಮನ ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದರು. ಇನ್ನಷ್ಟು ಸಣ್ಣಗಾಗಿದ್ದರು. ನನ್ನನ್ನು ಗುರುತಿಸಿ, ಚಾಪೆ ಹಾಸಿ, ಚಹಾ ತರಿಸಿದರು. ಹೆಂಡತಿ ತೀರಿಕೊಂಡದ್ದನ್ನು, ಮಂಡಿನೋವನ್ನು ಹೇಳಿದರು. ಸಿನಿಮಾದ ಮಾತೇ ಬರಲಿಲ್ಲ. ಹೊರಗೆ ಯಾರೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು. ಆ ಸದ್ದು ನಿಂತಾಗ ಅವರು ಕೇಳಿದರು.

"ಆವತ್ತು ಯಾಕ ಉಳಿಸಿದ್ರಿ ಸರ?"

ದಾರಿಯುದ್ದಕ್ಕೂ ಇದಕ್ಕೆ ಉತ್ತರ ಕಟ್ಟಿಕೊಂಡು ಬಂದಿದ್ದೆ. ಕಲೆ, ನ್ಯಾಯ, ಪ್ರೇಕ್ಷಕರು ಎಂಬ ಮಾತುಗಳೆಲ್ಲ ಅದರಲ್ಲಿದ್ದವು. ಅವರ ಮುಖ ನೋಡಿದ ಮೇಲೆ ಅವುಗಳನ್ನು ಹೊತ್ತು ನಿಲ್ಲುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

"ನಿಮಗೋಸ್ಕರ ಅಲ್ಲ ಅಯ್ಯನವರೇ. ಅದು ನಾನು ಜೋಡಿಸಿದ್ದರಲ್ಲೆಲ್ಲ ಒಳ್ಳೇ ದೃಶ್ಯ. ನನ್ನ ಹೆಸರಿಗೋಸ್ಕರ ಉಳಿಸಿಕೊಂಡೆ."

ಅವರು ಮೆಲ್ಲಗೆ ತಲೆಯಾಡಿಸಿದರು.

"ಹಂಗಂದ್ರಿ, ಛಲೋ ಆತು. ನಿಮಗೋಸ್ಕರ ಉಳಿಸಿದೆ ಅಂದಿದ್ರ ಎದ್ದು ಹೋಗ್ರಿ ಅಂತಿದ್ದೆ."

ಚಹಾ ಆರಿತ್ತು. ಅವರು ಲೋಟವನ್ನು ಪಕ್ಕಕ್ಕಿಟ್ಟು, ಆ ಮೇಷ್ಟ್ರ ಪಾತ್ರವನ್ನು ಇನ್ನೊಬ್ಬರು ಹೇಗೆ ಮಾಡಿದ್ದರೆಂದು ವಿಚಾರಿಸಿದರು. ಚಿತ್ರವನ್ನು ಅವರು ನೋಡಿರಲಿಲ್ಲ. ಕೊನೆಯ ದಿನ ಮೇಷ್ಟ್ರು ಖಾಲಿ ತರಗತಿಯಲ್ಲಿ ಕರಿಹಲಗೆ ಒರೆಸುವುದಿತ್ತಲ್ಲ, ಅದನ್ನು ಹೇಗೆ ಮಾಡಿದರು ಎಂದರು. ಒರೆಸಿ ಅತ್ತರು ಎಂದೆ. "ಅತ್ರೇನು?" ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

ಆಮೇಲೆ ಮಂಡಿಗೆ ಕೈಯೂರಿ ಎದ್ದರು. ಹೆಗಲ ಮೇಲಿನ ಟವೆಲು ತೆಗೆದು ಮಡಿಸಿ, ಸುಣ್ಣ ಬಳಿದ ಗೋಡೆಗೆ ಮುಖ ಮಾಡಿ ನಿಂತರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆ ಗೋಡೆಯೇ ಕರಿಹಲಗೆ ಎಂಬಂತೆ ಮೇಲಿನ ಮೂಲೆಯಿಂದ, ಅವಸರವಿಲ್ಲದೆ, ಸಾಲು ಸಾಲಾಗಿ ಒರೆಸುತ್ತ ಬಂದರು. ನಡುವೆ ಒಂದು ಕಡೆ ಕೈ ತಡೆಯಿತು. ಅಲ್ಲಿ ಬರೆದಿದ್ದ ಏನನ್ನೋ ಓದಿದರು. ಟವೆಲು ಆ ಜಾಗವನ್ನು ಬಳಸಿ, ಸುತ್ತಲೂ ಒರೆಸಿ, ಕೆಳಗಿಳಿಯಿತು. ಕೊನೆಗೆ ಅವರು ಬಾಗಿಲ ಹೊರಗೆ ಕೈಚಾಚಿ, ಇಲ್ಲದ ಸೀಮೆಸುಣ್ಣದ ಪುಡಿಯನ್ನು ಮೆಲ್ಲಗೆ ಕೊಡವಿದರು.

ನಾನು ಚಾಪೆಯ ಮೇಲೆ ಕುಳಿತೇ ಇದ್ದೆ. ಖಾಲಿ ಗೋಡೆಯ ಮೇಲೆ ಅವರು ಒರೆಸದೆ ಬಿಟ್ಟ ಆ ಅಂಗೈಯಗಲ ಜಾಗದಿಂದ ಕಣ್ಣು ಕೀಳಲಾಗಲಿಲ್ಲ.