ಬೀರುವಿನ ಹಿಂದಿದ್ದ ವಿದ್ಯುದ್ದೇವಿ

"ಎಡಕ್ಕೆ, ಎಡಕ್ಕೆ! ಗೋಡೆಗೆ ತಾಗುತ್ತೆ!" ಎಂದು ಜೆರ್ಮೇನ್ ಕೂಗುತ್ತಿದ್ದಂತೆ ಇಬ್ಬರು ಆಳುಗಳು ಬೀರುವನ್ನು ಎಳೆದರು. ಅದನ್ನು ಜರುಗಿಸದೆ ಅವಳ ತಾಯಿ ಒಡೀಲಳ ಶವಪೆಟ್ಟಿಗೆ ಕೋಣೆಯ ಬಾಗಿಲಲ್ಲಿ ತಿರುಗುವಂತಿರಲಿಲ್ಲ. ಹಿಂದಿನಿಂದ ಚೌಕಟ್ಟು ಹಾಕಿದ ಚಿತ್ರವೊಂದು ಜಾರಿ ನೆಲಕ್ಕೆ ಕೂತಿತು.

ಪಕ್ಕದ ಮನೆಯ ಮದಾಂ ಕೊಲ್ಲೇ ಅದನ್ನು ತಿರುಗಿಸಿ ಧೂಳು ಒರೆಸಿದಳು. ಜಲವರ್ಣದಲ್ಲಿ ಬರೆದ ಯುವತಿ. ಬಲಗೈ ಮೇಲೆತ್ತಿದ್ದಾಳೆ, ಕೈಯಲ್ಲಿ ಉರಿಯುವ ಬಲ್ಬು. ಬಿಚ್ಚಿದ ಕೂದಲು ಬಳ್ಳಿಯಂತೆ ಸುರುಳಿಸುತ್ತಿ ಕಾಗದದ ಅಂಚಿನವರೆಗೂ ಹರಿದಿದೆ. ಕಾಲ ಬಳಿ ನೀಲಿ ಐರಿಸ್ ಹೂಗಳು. ಕೆಳಗೆ ಬಳ್ಳಿಯಂಥವೇ ಅಕ್ಷರಗಳಲ್ಲಿ 'ವಿದ್ಯುತ್' ಎಂದು ಬರೆದಿತ್ತು.

"ಅಯ್ಯೋ ದೇವರೇ, ನಮ್ಮ ಒಡೀಲ್ ಅಲ್ವಾ ಇದು! ಭುಜ ನೋಡು, ಬರೀ ಬತ್ತಲೆ!"

"ಮೆಲ್ಲಗೆ! ಅಪ್ಪ ಕೇಳಿಸ್ಕೊಂಡಾರು."

ಅಪ್ಪ ಪ್ರೊಸ್ಪೆರ್ ಆಗಲೇ ಬಾಗಿಲಲ್ಲಿ ನಿಂತಿದ್ದ. ಚಿತ್ರವನ್ನು ನೋಡಿದ. "ಹೊತ್ತಾಯ್ತು, ಇಗರ್ಜಿಗೆ ನಡೀರಿ," ಎಂದಷ್ಟೇ ಹೇಳಿದ.

*

ನಾನ್ಸಿ ಊರಿನಲ್ಲಿ ಕಬ್ಬಿಣ, ಗಾಜು, ಮರ ಎಲ್ಲವೂ ಹೂವಾಗಿ ಬಳ್ಳಿಯಾಗಿ ಅರಳುತ್ತಿದ್ದ ಕಾಲ ಅದು. ಹತ್ತೊಂಬತ್ತರ ಒಡೀಲ್ ಇಸ್ತ್ರಿ ಅಂಗಡಿಯಲ್ಲಿ ದುಡಿಯುತ್ತಿದ್ದಳು. ಬಟ್ಟೆ ಒಯ್ಯಲು ಬಂದ ಚಿತ್ರಕಾರ ವೊತ್ರೋ ಅವಳ ತೋಳನ್ನೇ ನೋಡಿದ.

"ಎರಡು ಗಂಟೆ ಕೈ ಎತ್ತಿ ನಿಲ್ತೀಯೇನಮ್ಮಾ?"

"ಹನ್ನೆರಡು ಗಂಟೆ ಇಸ್ತ್ರಿ ಪೆಟ್ಟಿಗೆ ಎತ್ತೋಳು ನಾನು. ನಿಮ್ಮದೇನು ಮಹಾ?"

ವೊತ್ರೋ ಬಳಿ ಬಲ್ಬೇ ಇರಲಿಲ್ಲ. ಐದು ದಿನ ಅವಳು ಬಲ್ಬಿನ ಆಕಾರದ ಒಂದು ಪೇರ್ ಹಣ್ಣು ಹಿಡಿದು ನಿಂತಳು. ಕೊನೆಯ ದಿನ ಅದನ್ನು ತಿಂದೂಬಿಟ್ಟಳು. ಊರಿನ ವಸ್ತುಪ್ರದರ್ಶನದವರು ತಮ್ಮ ಭಿತ್ತಿಪತ್ರಕ್ಕೆ ಬೇರೊಬ್ಬನ ಚಿತ್ರವನ್ನು ಆರಿಸಿದ್ದರಿಂದ ಇದು ಅಚ್ಚಾಗಲಿಲ್ಲ. ವೊತ್ರೋ ಅದನ್ನು ಅವಳ ಮದುವೆಗೆ ಉಡುಗೊರೆ ಕೊಟ್ಟ.

ವರ ಪ್ರೊಸ್ಪೆರ್. ಸಂಜೆಯಾದರೆ ಉದ್ದನೆಯ ಕೋಲು ಹಿಡಿದು ಬೀದಿಬೀದಿಯ ಗ್ಯಾಸ್ ದೀಪ ಹಚ್ಚುವವನು. "ಗ್ಯಾಸಿನವನ ಮನೆಗೆ ಕರೆಂಟನ್ನೇ ಕರ್ಕೊಂಡು ಬಂದ್ಯಲ್ಲೇ!" ಎಂದು ನಕ್ಕು, ತಾನೇ ಅದನ್ನು ಅಡುಗೆಮನೆಯಲ್ಲಿ ತೂಗುಹಾಕಿದ.

ಆ ನಗು ಇಪ್ಪತ್ತು ವರ್ಷ ನಡೆಯಿತು. ಆಮೇಲೆ ಬೀದಿಗೆ ವಿದ್ಯುತ್ ದೀಪ ಬಂತು. ಕೆಲಸ ಹೋದ ದಿನ ಮನೆಗೆ ಬಂದವನೇ ಚಿತ್ರವನ್ನು ಇಳಿಸಿ, ಮುಖ ಗೋಡೆಗೆ ಮಾಡಿ, ಬೀರುವಿನ ಹಿಂದೆ ತಳ್ಳಿದ. ಜೆರ್ಮೇನಳಿಗೆ ಆಗ ಹನ್ನೆರಡು. ಅಮ್ಮ ಜಗಳವಾಡುತ್ತಾಳೆಂದು ಕಾದಳು. ಒಡೀಲ್ ಮಾತ್ರ ಮರುದಿನ ಕೇರಿಯವರ ಬಟ್ಟೆಬುಟ್ಟಿಗಳನ್ನು ಮನೆಗೆ ಹೊತ್ತು ತಂದು, ಒಲೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಕಾಯಲಿಟ್ಟಳು.

*

ಮಣ್ಣು ಮಾಡಿ ಬಂದ ಮೇಲೆ ಅಡುಗೆಮನೆಯಲ್ಲಿ ಉಳಿದವರು ಮೂವರೇ. ಜೆರ್ಮೇನ್ ಚಿತ್ರವನ್ನು ಮತ್ತೆ ಬೀರುವಿನ ಹಿಂದಿಡಲು ಎತ್ತಿಕೊಂಡಳು.

"ಬೇಡ, ಇಲ್ಲೇ ಇರಲಿ," ಎಂದ ಪ್ರೊಸ್ಪೆರ್.

ಮದಾಂ ಕೊಲ್ಲೇ ಲೋಟಗಳಿಗೆ ಬ್ರಾಂದಿ ಬಗ್ಗಿಸಿದಳು. "ಫಾದರ್ ನಿಲುವಂಗಿ ನೋಡಿದ್ರಾ? ಹಸು ಅಗಿದು ಉಗಿದಂಗಿತ್ತು. ಒಳ್ಳೇ ನಿಲುವಂಗಿ ಇಸ್ತ್ರಿಗೆ ಬಂದು ಒಡೀಲ್ ಬುಟ್ಟೀಲೇ ಉಳ್ಕೊಂಡಿದೆ. ಪಾಪ, ಇವತ್ತು ಅದನ್ನ ವಾಪಸ್ ಹೆಂಗೆ ಕೇಳ್ತಾರೆ?"

ಜೆರ್ಮೇನಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಮೊಣಕೈ ಅಷ್ಟು ನೋಯ್ತಿದ್ರೂ ಆ ಮಣಭಾರದ ಇಸ್ತ್ರಿ ಪೆಟ್ಟಿಗೆ ಬಿಡ್ಲಿಲ್ವಲ್ಲ ಅಮ್ಮ."

"ನನ್ನ ಕರೆಂಟಿನ ಇಸ್ತ್ರಿ ಪೆಟ್ಟಿಗೆ ತಗೋ ಅಂತ ಎಷ್ಟು ಸಲ ಹೇಳ್ದೆ!" ಎಂದಳು ಮದಾಂ ಕೊಲ್ಲೇ. " ಏನಂದ್ಲು ಗೊತ್ತಾ? 'ಅವರ ಕೈಯಿಂದ ಕೋಲು ಕಿತ್ಕೊಂಡಿದ್ದೇ ಆ ಕರೆಂಟು. ಅವರ ಕಣ್ಣೆದುರಿಗೇ ಅದನ್ನ ಹಿಡೀಲಾ? ನನ್ನ ತೋಳು ಗಟ್ಟಿ ಇದೆ ಬಿಡು' ಅಂದ್ಲು."

ಪ್ರೊಸ್ಪೆರ್ ಲೋಟ ಕೆಳಗಿಟ್ಟ. "ನನಗೆ ಹೇಳ್ಲಿಲ್ಲ ಅವಳು. ಅಭ್ಯಾಸಬಲ ಅಂದ್ಕೊಂಡಿದ್ದೆ."

"ನೀವು ಕೇಳಿದ್ರಾ?" ಎಂದಳು ಮದಾಂ ಕೊಲ್ಲೇ.

ಅವನು ಮೇಜನ್ನು ಅಂಗೈಯಿಂದ ಸವರಿದ. ಆಮೇಲೆ, "ಅದನ್ನ ತಗೊಂಡ್ ಬನ್ನಿ," ಎಂದ.

"ಯಾವುದನ್ನ?"

"ನಿಮ್ಮ ಪೆಟ್ಟಿಗೆ. ಭಾನುವಾರ ಪೂಜೆಗೆ ಫಾದರ್ ಏನು ಹಾಕ್ಕೋತಾರೆ?"

ಅದು ಬಂತು. "ನಾನು ಮಾಡ್ತೀನಿ ಕೊಡಿ ಅಪ್ಪ," ಎಂದು ಜೆರ್ಮೇನ್ ಎದ್ದಳು.

"ನೀನು ಕೂತ್ಕೋ."

ಕೋಟು ಬಿಚ್ಚಿಟ್ಟು, ಬುಟ್ಟಿಯಿಂದ ನಿಲುವಂಗಿ ತೆಗೆದು ಹರಡಿ, ನೀರು ಚಿಮುಕಿಸಿದ. ಪೆಟ್ಟಿಗೆ ಬಟ್ಟೆಯ ಮೇಲೆ ಜಾರಿತು, ಹಗುರಾಗಿ, ಅವನು ಅಂದುಕೊಂಡದ್ದಕ್ಕಿಂತ ಎಷ್ಟೋ ಹಗುರಾಗಿ. ಒಮ್ಮೆ ಅವನ ಕೈ ನಿಂತಿತು. ಮತ್ತೆ ಮುಂದಕ್ಕೆ ಒತ್ತಿದ. ನಿಲುವಂಗಿಯ ಬಿಳಿಯ ತೋಳು ಸುಕ್ಕು ಬಿಚ್ಚಿಕೊಂಡು, ಬೆಚ್ಚಗೆ, ಮೇಜಿನ ಅಂಚಿನಾಚೆ ಇಳಿಬಿತ್ತು.