ಬೇಸಿಗೆಯಲ್ಲಿ ಕೂಸಿಗೆ ನೀರು ಬೇಡವೇ?

ಬೈರಕೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಕದಿರಮ್ಮನ ಮನೆ. ಅದು ೧೯೮೩ರ ಬೇಸಿಗೆ. ಸೊಸೆ ಶಾಮಲಮ್ಮ ಬಾಣಂತನ ಮುಗಿಸಿಕೊಂಡು ಮೂರು ತಿಂಗಳ ಮಗುವಿನೊಂದಿಗೆ ತವರಿನಿಂದ ಬಂದಿದ್ದಳು. ಬಂದ ವಾರಕ್ಕೇ ಮನೆಯ ರೇಷ್ಮೆ ಹುಳುಗಳು ಬಲಿತು, ಹೊತ್ತುಹೊತ್ತಿಗೂ ಸೊಪ್ಪು ಹಾಕಬೇಕಾಯಿತು. ಸೊಸೆ ಹುಳುಮನೆಯಲ್ಲಿ, ಮಗು ಅಜ್ಜಿಯ ಮಡಿಲಲ್ಲಿ. ಅತ್ತಾಗಲೆಲ್ಲ ಕದಿರಮ್ಮ ಮೂತಿಯಿರುವ ಪುಟ್ಟ ಒಳಲೆಯಲ್ಲಿ ಸಕ್ಕರೆ ನೀರು ಕುಡಿಸಿ ಮಲಗಿಸುತ್ತಿದ್ದಳು.

“ಅತ್ತೆ, ನೀರು ಬೇಡ ಅಂತ ನಮ್ ತವರೂರ ನರ್ಸಮ್ಮ ಹೇಳವ್ರೆ.”

“ಸೆಖೆ ನೋಡಿದ್ಯೇನೇ? ನಮಗೇ ಗಂಟ್ಲು ಒಣಗ್ತೈತೆ. ಕೂಸು ತಡ್ಕೊಂತದಾ? ಚೊಚ್ಚಲು ಮಗೀನ ಬೇಸ್ಗೇಲೇ ಕಳ್ಕೊಂಡೋಳು ನಾನು. ನನಗೆ ಹೇಳ್ಬೇಡ.”

ಶಾಮಲಮ್ಮ ಸೊಪ್ಪಿನ ಮಂಕರಿ ಎತ್ತಿಕೊಂಡು ಹುಳುಮನೆಗೆ ಹೋದಳು.

ಮೂರನೆಯ ದಿನ ಮಗುವಿಗೆ ಭೇದಿ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿಬಿದ್ದು, ನೆತ್ತಿ ತಗ್ಗಿತು. ಅತ್ತೆ ಸೊಸೆ ಇಬ್ಬರೂ ಸಿಕ್ಕಿದ ಬಸ್ಸು ಹತ್ತಿ ಮುಳಬಾಗಿಲಿನ ಆಸ್ಪತ್ರೆಗೆ ಓಡಿದರು.

ಡಾಕ್ಟರು ಔಷಧ ಕೊಟ್ಟರು, ಎದೆಹಾಲು ಮಾತ್ರ ನಿಲ್ಲಿಸಬೇಡಿ ಎಂದರು. ಮಾರನೆಯ ಬೆಳಿಗ್ಗೆ ಮಗು ತಾನೇ ಬಾಯಿಂದ ಹುಡುಕಿ ಮೊಲೆ ಹಿಡಿಯಿತು. ಆಗಲೇ ಕದಿರಮ್ಮ ಗೋಡೆಗೊರಗಿ ಕೂತದ್ದು. ನರ್ಸ್ ಭಾರತಮ್ಮ ಬಂದು ಪಕ್ಕದಲ್ಲಿ ಕೂತರು.

“ಮಗೀಗೆ ಏನಮ್ಮ ಕುಡಿಸ್ತಿದ್ರಿ?”

“ಸಕ್ರೆ ನೀರು ತಾಯಿ. ದಾಹ ಆಗ್ತದಲ್ಲ ಅಂತ.”

“ಎದೆಹಾಲಲ್ಲಿ ಇರೋದು ಹೆಚ್ಚಾಗಿ ನೀರೇ. ಎಂಥಾ ಸೆಖೆಗೂ ಅದೇ ಸಾಕು. ಹೊರಗಿನ ನೀರಿಂದ, ಒಳಲೆಯಿಂದ ರೋಗ ಹೊಟ್ಟೆಗೆ ಹೋಗ್ತದೆ. ನೀರಲ್ಲೇ ಹೊಟ್ಟೆ ತುಂಬಿದ್ರೆ ಮಗು ಹಾಲು ಚೀಪೋದು ಕಮ್ಮಿ. ಚೀಪೋದು ಕಮ್ಮಿಯಾದ್ರೆ ತಾಯಿಗೆ ಹಾಲೂ ಕಮ್ಮಿ.”

ಕದಿರಮ್ಮ ಮಗುವಿನ ನೆತ್ತಿ ಸವರಿದಳು. ಆಮೇಲೆ ಮೆಲ್ಲಗೆ ಹೇಳಿದಳು: “ನನ್ ಚೊಚ್ಚಲು ಮಗೀಗೂ ಹಿಂಗೇ ಕುಡಿಸಿದ್ದೆ. ಹಿಂಗೇ ಭೇದಿ ಹತ್ಕೊಂತು.”

ಭಾರತಮ್ಮ ಅವಳ ಕೈ ಹಿಡಿದುಕೊಂಡರು. “ನಿಮ್ ತಪ್ಪಲ್ಲಮ್ಮ. ಆವಾಗ ನಿಮಗೆ ಹೇಳೋರು ಯಾರಿದ್ರು?”

ಕದಿರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹಾಲು ಸಾಲ್ತದೋ ಇಲ್ವೋ, ಹೆಂಗೆ ತಿಳ್ಕೊಳ್ಳೋದು?”

“ಒದ್ದೆ ಬಟ್ಟೆ ಲೆಕ್ಕ ಇಡಿ. ಬರೀ ಎದೆಹಾಲು ಕುಡಿಯೋ ಮಗು ದಿನಕ್ಕೆ ಆರು ಸಲವಾದ್ರೂ ಉಚ್ಚೆ ಹೊಯ್ದು, ಮೈ ತುಂಬ್ಕೊಂಡು ಬಂದ್ರೆ ಸಾಕಾಗ್ತೈತೆ ಅಂತ್ಲೇ.”

ಮನೆಗೆ ಬಂದವಳೇ ಕದಿರಮ್ಮ ಸೆರಗು ಸಿಕ್ಕಿಸಿ ಸೊಪ್ಪಿನ ಮಂಕರಿ ಎತ್ತಿಕೊಂಡಳು. “ಹುಳಾನ ನಾನು ನೋಡ್ಕೊಂತೀನಿ. ನೀನು ಮಗೀನ ನೋಡ್ಕೊ, ಹೋಗು.”

ನಾಲ್ಕು ದಿನ ಕಳೆಯಿತು. ಬಿಸಿಲು ಹಾಗೇ ಸುಡುತ್ತಿತ್ತು. ಸಂಜೆ ಮಗುವಿನ ಒದ್ದೆ ಬಟ್ಟೆ ಎಣಿಸಿ ಒಗೆದು ಹರವುತ್ತಿದ್ದ ಕದಿರಮ್ಮ ಹಿತ್ತಿಲಿನಿಂದಲೇ ಕೂಗಿದಳು: “ಲೇ ಶಾಮಲಾ, ಎಂಟು ಕಣೇ! ಒಂದು ತೊಟ್ಟು ನೀರು ಕೊಟ್ಟಿಲ್ಲ, ಎಂಟು!” ಒಳಗೆ ಶಾಮಲಮ್ಮ ಎಷ್ಟೋ ದಿನದ ಮೇಲೆ ಬಾಯ್ತುಂಬ ನಕ್ಕಳು.

ಅಜ್ಜಿಯರೇ, ಅತ್ತೆಯಂದಿರೇ, ಅಪ್ಪಂದಿರೇ! ನಿಮ್ಮ ಮನೆಯಲ್ಲೂ ಎಳೆಗೂಸು ಇದೆಯೇ? ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಕೊಡಿ. ನೀರು, ಸಕ್ಕರೆ ನೀರು, ಡಬ್ಬಿ ಹಾಲು ಬೇಡ. ಔಷಧವನ್ನೂ ಡಾಕ್ಟರು ಹೇಳಿದರೆ ಮಾತ್ರ. ಭೇದಿಯಾದರೆ ಹಾಲು ಬಿಡಿಸದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಗು ಹಾಲಿಗೆ ಅತ್ತಾಗ ತಾಯಿಯ ಕೈಲಿರುವ ಕೆಲಸವನ್ನು ನೀವು ತೆಗೆದುಕೊಳ್ಳಿ. ಇವತ್ತಿನಿಂದಲೇ.