ಅರಿಶಿಣ ಮಣ್ಣಿನ ಗಣಪ

೧೯೮೮ರ ಚೌತಿಯ ಬೆಳಿಗ್ಗೆ ಕಮಲಾಪುರದ ಮುಕ್ತಾಬಾಯಿಯವರು ಗಣಪತಿಯನ್ನು ಒಡೆದರು. ಬೇರೆ ಯಾರೇ ಒಡೆದಿದ್ದರೂ ಓಣಿಯೆಲ್ಲ ಸೇರುವಂತೆ ಕೂಗುತ್ತಿದ್ದ ಬಾಯಿ ಅವರದು. ಈಗ ಅದರೊಳಗೆ ಸೆರಗಿನ ಚುಂಗು ಸೇರಿತ್ತು.

ಹಿಂದಿನ ಸಂಜೆ ಮಗ ಗೋಪಾಲ ಕಲಬುರಗಿಯಲ್ಲಿ ಆಫೀಸು ಮುಗಿಸಿ, ಜಗತ್ ವೃತ್ತದ ಹತ್ತಿರ ಮೂರ್ತಿ ಕೊಂಡು, ತುಂಬಿದ ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಸೊಸೆ ಚಂದ್ರಾಬಾಯಿ ಕೈ ಚಾಚಿದರೆ, "ನೀ ಮುಟ್ಟಬ್ಯಾಡ. ನಿನ್ನ ಕೈಯಾಗ ಏನರ ಉಳೀತದೇನು?" ಎಂದು ಅತ್ತೆಯೇ ಇಸಿದುಕೊಂಡಿದ್ದರು. ಬೆಳಿಗ್ಗೆ ಮಡಿಯಲ್ಲಿ ಮಂಟಪ ಒರೆಸುವಾಗ ಅವರದೇ ಮೊಣಕೈ ತಾಗಿತು. ಸೊಂಡಿಲು ಒಂದು ಕಡೆ, ಹೊಟ್ಟೆ ಮೂರು ಕಡೆ.

ಗೋಪಾಲ ಗರಿಕೆ, ಪತ್ರಿ ತರಲು ಹೋಗಿದ್ದ. ಮತ್ತೆ ಕಲಬುರಗಿಗೆ ಹೋಗಿಬರುವಷ್ಟರಲ್ಲಿ ಮುಹೂರ್ತ ಮೀರುತ್ತಿತ್ತು. ಅದಕ್ಕಿಂತ ಹೆಚ್ಚಿನ ಸಂಕಟವೆಂದರೆ, ಸೊಸೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿಬಿಟ್ಟಿದ್ದಳು. ಆಕೆಯೆದುರು ತಲೆ ತಗ್ಗಿಸುವುದಕ್ಕಿಂತ ಇಲಿಯ ಬಿಲ ಹೊಕ್ಕರೆ ಚೆನ್ನಾಗಿತ್ತು ಎನಿಸಿತು ಮುಕ್ತಾಬಾಯಿಗೆ.

ಚಂದ್ರಾಬಾಯಿ ಹಿತ್ತಲಿನ ಕೆಂಪು ಬಾಳೆಯ ಬುಡದಿಂದ ಮಣ್ಣು ತಂದಳು. ಹಬ್ಬದ ಸ್ನಾನಕ್ಕೆಂದು ತನ್ನ ಮೈಗೆ ಅರೆದಿಟ್ಟುಕೊಂಡಿದ್ದ ಅರಿಶಿಣವನ್ನು ಅದಕ್ಕೆ ಹಾಕಿ ಕಲಸತೊಡಗಿದಳು.

"ಏನ ಮಾಡಾಕತ್ತೀ?"

"ತವರಾಗ, ತಾಜಸುಲ್ತಾನಪುರದಾಗ, ಮಣ್ಣೆತ್ತಿನ ಅಮಾಸಿಗೆ ನಮ್ಮನಿ ಎತ್ತೆಲ್ಲಾ ನಾನೇ ಮಾಡತಿದ್ದೆ ರೀ ಅತ್ಯಾ. ಎತ್ತಿನಕಿಂತ ಇವನ ಮೂಗು ಉದ್ದ, ಅಷ್ಟ."

ಮುಕ್ತಾಬಾಯಿ ಕುಳಿತು ನೋಡಿದರು. ಈ ಮನೆಗೆ ಬಂದ ಎರಡು ವರ್ಷದಿಂದ ಒಂದು ಜೋಳದ ಭಕ್ರಿಯನ್ನೂ ದುಂಡಗೆ ತಟ್ಟಲಾರದ ಕೈಗಳವು. ಅವುಗಳ ನಡುವೆ ಉಂಡೆ ಹೊಟ್ಟೆಯಾಯಿತು, ಎಳೆದದ್ದು ಸೊಂಡಿಲಾಯಿತು, ಚಿವುಟಿದ್ದು ಕಿವಿಯಾಯಿತು. ಜಗವನ್ನೆಲ್ಲ ಹೆತ್ತವಳು ದೇವಿ, ಆಕೆ ಕೈಯಾಡಿಸದೆ ಹುಲ್ಲುಕಡ್ಡಿಯೂ ಹುಟ್ಟದು ಎಂದು ಪುರಾಣದಲ್ಲಿ ಎಷ್ಟು ಸಲ ಕೇಳಿ ತಲೆದೂಗಿದ್ದರೋ! ಆಗೆಲ್ಲ ಅವರ ಲಕ್ಷ್ಯ ಒಲೆಯ ಮೇಲಿನ ಹಾಲಿನ ಮೇಲಿರುತ್ತಿತ್ತು. ಇಂದು ಮೈ ಜುಮ್ಮೆಂದಿತು. ಈ ಹುಡುಗಿಯ ಮೇಲೆ ತಮಗೆ ಇಷ್ಟೊಂದು ಮಾಯೆ-ಮಮತೆ ಇದೆಯೆಂದು ಅವರಿಗೇ ಗೊತ್ತಿರಲಿಲ್ಲ.

"ನಾನೇ ಒಡದೆ ಅಂತ ಹೇಳತೀನ್ರಿ. ಬೈಸಿಕೊಂಡು ನನಗ ರೂಢಿ ಅದ," ಎಂದಳು ಚಂದ್ರಾಬಾಯಿ.

ಬೇಡ ಎನ್ನಬೇಕಿತ್ತು. ಮುಕ್ತಾಬಾಯಿ ಹೂಂ ಎಂಬಂತೆ ತಲೆಯಾಡಿಸಿದರು.

ಗೋಪಾಲ ಬಂದವನೇ ಮಂಟಪ ನೋಡಿ ಗಕ್ಕನೆ ನಿಂತ. "ಇದ್ಯಾರಿದು? ನಾ ತಂದ ಗಣಪ ಎಲ್ಲಿ?"

"ನನ್ನ ಕೈಜಾರಿ ಒಡೀತ್ರಿ..."

"ಒಡದದ್ದು ಸಾಲದಂತ, ನನ್ನ ಒಂದು ಮಾತು ಕೇಳದ ಮಣ್ಣು ಕಲಸಿ ಇಟ್ಟೀಯೇನು? ತಗಿ ಅದನ್ನ!" ಅವನ ಕೈ ಮೂರ್ತಿಯತ್ತ ಚಾಚಿತು. ಚಂದ್ರಾಬಾಯಿ ಅರಿಶಿಣದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಮುಕ್ತಾಬಾಯಿಗೆ ತಡೆಯಲಾಗಲಿಲ್ಲ. ಎದ್ದು ಅಡ್ಡ ನಿಂತರು.

"ಮುಟ್ಟೀ ಜೋಕಿ! ಪಾರ್ವತಿನೂ ಗಂಡನ್ನ ಕೇಳಿ ಮಾಡಿದ್ದಿಲ್ಲ. ತನ್ನ ಮೈ ಅರಿಶಿಣದಾಗ ತಾನೇ ಮಗನ್ನ ಮಾಡಿದ್ಳು. ಬಾಗಲದಾಗ ತಡದನಂತ ಗಂಡ ಸಿಟ್ಟಿಗೆದ್ದು ಆ ಮಗನ ತಲಿ ತಗದ, ಆಮ್ಯಾಲ ಅಡವಿ ತುಂಬ ಆನಿ ಹುಡಕಿದ. ನೀ ಎಲ್ಲಿ ಹುಡಕಾಂವ? ಕಮಲಾಪುರದಾಗ ಆನಿ ಎಲ್ಲಿದ್ದಾವ?"

"ಆದ್ರ ಆಯಿ, ಒಡದಾಕಿ..."

"ಒಡದಾಕಿ ನಾನು."

ಹುಟ್ಟಿದಾಗಿನಿಂದ ಗೋಪಾಲ ತಾಯಿಯ ಬಾಯಲ್ಲಿ ಇಂಥ ಮಾತು ಕೇಳಿರಲಿಲ್ಲ. ಅವನು ಮೆಲ್ಲಗೆ ಮಣೆಯ ಮೇಲೆ ಕುಳಿತು, ಪ್ರಾಣಪ್ರತಿಷ್ಠೆಗೆಂದು ಅಕ್ಷತೆ ಹಿಡಿದ.

"ತಡಿ," ಎಂದರು ಮುಕ್ತಾಬಾಯಿ. ಸೊಸೆಯ ಕೈಹಿಡಿದು ತಂದು ಅವನ ಪಕ್ಕದಲ್ಲಿ ಕೂರಿಸಿದರು. "ಅರ್ಧ ಜೀವ ಈಕಿ ಆಗಲೇ ತುಂಬ್ಯಾಳ. ಉಳದದ್ದು ಈಗ ನೀ ಮಂತ್ರ ಹೇಳಿ ತುಂಬು."